ಹನಿಸಕಲ್ ಹೂವಿನ ಚಹಾ ಮತ್ತು ತೃಷಾಳ ಗಂಟಲು

ತೃಷಾಳಿಗೆ ಐದು ವರ್ಷವಾಗಿದ್ದಾಗ ಅವಳ ಅಪ್ಪ ಸರ್ವೋತ್ತಮ ಒಂದು ಮಾತು ಕೊಟ್ಟಿದ್ದ. ಬಹರೈನಿನ ಬುದಯ್ಯ ಎಂಬ ಊರಿನ ಕಡಲ ದಂಡೆಯಲ್ಲಿ, ನೀರಿಗಿಳಿಯಲು ಹೆದರಿ ಕುತ್ತಿಗೆಗೆ ಜೋತುಬಿದ್ದ ಮಗಳಿಗೆ, ದೂರದಲ್ಲಿ ತೇಲುತ್ತಿದ್ದ ಕೆಂಪು ಪೀಪಾಯಿ ತೋರಿಸಿ, "ನಿಂಗೆ ಹತ್ತು ತುಂಬಿದ ದಿನ ನಾವಿಬ್ರೂ ಅಲ್ಲಿ ತನಕ ಈಜುವ. ಪಪ್ಪ ಪಕ್ಕದಲ್ಲೇ ಇರ್ತೇನೆ" ಎಂದಿದ್ದ. ಅಂದಿನಿಂದ ಅವಳು ತಾವಿದ್ದ ವಸತಿ ಕಾಂಪೌಂಡಿನ ಈಜುಕೊಳ ಬಿಟ್ಟವಳಲ್ಲ. ಈ ವರ್ಷ ಹತ್ತು ತುಂಬಬೇಕಿತ್ತು.

ಬಹರೈನಿನ ಬೇಸಿಗೆ ಗೊತ್ತಲ್ಲ. ಹೊರಗೆ ಕುದಿಯುವ ಸೆಕೆ, ಒಳಗೆ ಹಲ್ಲು ಕಟಕಟಿಸುವ ಏಸಿ. ಗಂಟಲು ನೋವು ಯಾರ ಮನೆಯಲ್ಲಿಲ್ಲ? ಸರ್ವೋತ್ತಮನಿಗೂ ಮಾರ್ಚಿನಲ್ಲಿ ಬಂದಿತ್ತು. ಸೀಫ್ ಬಡಾವಣೆಯ ಆಫೀಸಿನಲ್ಲಿ ಅವನ ಎದುರಿನ ಮೇಜಿನ ಚೀನಾದ ಹೆಂಗಸು ಲಿನ್, ಒಣಗಿದ ಮೊಗ್ಗುಗಳ ಒಂದು ಪೊಟ್ಟಣ ಕೊಟ್ಟಳು. ಹನಿಸಕಲ್ ಎಂಬ ಬಳ್ಳಿಯ ಮೊಗ್ಗು. ಅರಳುವ ಮೊದಲೇ ಬೆಳಗ್ಗೆ ಕಿತ್ತು ಒಣಗಿಸುತ್ತಾರಂತೆ. ಅರಳಿದ ಹೂವು ಬಿಳಿ, ಆಮೇಲೆ ಹಳದಿ. ಅದಕ್ಕೇ ಅವರ ಭಾಷೆಯಲ್ಲಿ ಚಿನ್ನ ಬೆಳ್ಳಿಯ ಹೂವು ಎಂದು ಹೆಸರು. ಗಂಟಲು ಉರಿದರೆ, ಜ್ವರ ಶುರುವಾದರೆ, ಒಳಗಿನ ಉಷ್ಣ ಇಳಿಸಲು ಚೀನಾದ ವೈದ್ಯರು ಬಹಳ ಹಿಂದಿನಿಂದ ಇದನ್ನು ಕೊಡುತ್ತಾರೆ ಎಂದಳು.

ಉಷ್ಣ ಎಂದ ಕೂಡಲೇ ಸರ್ವೋತ್ತಮನಿಗೆ ನಂಬಿಕೆ ಬಂದುಬಿಟ್ಟಿತು. ಬಾರ್ಲಿ ನೀರು, ಕೊತ್ತಂಬರಿ ಕಷಾಯ ಕುಡಿದು ಬೆಳೆದ ಜೀವ. ಎರಡು ದಿನ ಆ ಚಹಾ ಕುಡಿದ, ಗಂಟಲು ಸರಿಯಾಯಿತು. ಸುಮ್ಮನಿದ್ದರೂ ಸರಿಯಾಗುವ ಶೀತವಾಗಿತ್ತೇನೋ, ಯಾರಿಗೆ ಗೊತ್ತು. ಪೊಟ್ಟಣ ಅಡುಗೆಮನೆಯ ಕಪಾಟು ಸೇರಿತು.

ಜೂನಿನಲ್ಲಿ ತೃಷಾಳಿಗೆ ಜ್ವರ ಬಂತು. ಗಂಜಿ ನುಂಗಲೂ ಆಗದಷ್ಟು ಗಂಟಲು ನೋವು. ಆಫೀಸಿನಲ್ಲಿ ಸ್ಟಾಕ್ ತಪಾಸಣೆಯ ವಾರ, ರಜೆ ಕೇಳುವ ಹಾಗಿಲ್ಲ. ಮಗುವಿಗೆ ಎಷ್ಟು ಮೊಗ್ಗು ಹಾಕಲಿ ಎಂದು ಸರ್ವೋತ್ತಮ ಲಿನ್‌ಳನ್ನು ಕೇಳಿದ.

"ಮಗುವಿಗಾ? ಮೊದಲು ಡಾಕ್ಟರಿಗೆ ತೋರಿಸು. ನಮ್ಮಲ್ಲೂ ವೈದ್ಯರು ನಾಲಿಗೆ ನೋಡಿ, ನಾಡಿ ಹಿಡಿದು ನೋಡಿಯೇ ಕೊಡುವುದು" ಎಂದಳು ಅವಳು.

ಆ ಮಾತನ್ನು ಅವನು ಮನೆಯಲ್ಲಿ ಹೇಳಲಿಲ್ಲ. ಹೆಂಡತಿ ಸುಂದರಿಗೆ ಹೇಳಿದ್ದು ಇಷ್ಟೇ: "ನಾಲ್ಕು ಮೊಗ್ಗು ಹಾಕಿ ಕುದಿಸು, ಸಾಕು."

ಸಂಜೆ ಪಕ್ಕದ ಮನೆಯ ನಝೀಲಾ ಬಂದಳು. ಆರೋಗ್ಯ ಕೇಂದ್ರದಲ್ಲಿ ನರ್ಸ್, ಉಳ್ಳಾಲದ ಕಡೆಯವಳು.

"ಕೆಮ್ಮು ಉಂಟಾ ಸುಂದರಿಯಕ್ಕ? ಮೂಗು ಸೋರ್ತದಾ?"

"ಎಂತದೂ ಇಲ್ಲ. ಬರೀ ಜ್ವರ, ಗಂಟಲು ನೋವು."

"ಹಾಗಾದ್ರೆ ನಾಳೆಯೇ ಕರ್ಕೊಂಡು ಬನ್ನಿ. ಗಂಟಲಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದು ಪರೀಕ್ಷೆ ಮಾಡ್ತಾರೆ. ಒಂದು ನಿಮಿಷದ ಕೆಲಸ."

ಸರ್ವೋತ್ತಮ ನಕ್ಕ. "ನಿಮ್ಮ ಆಸ್ಪತ್ರೆಯವ್ರಿಗೆ ಸೀನಿದ್ರೂ ಆ್ಯಂಟಿಬಯಾಟಿಕ್ ಕೊಡ್ಬೇಕು. ನೋಡು, ಇದು ಹೂವು. ಹೂವಿಂದ ಎಂತ ಆಗ್ತದೆ?"

"ಹೂವಿಂದ ಎಂತ ಆಗ್ತದೆ ಅಂತ ನಾನು ಹೇಳ್ಲಿಲ್ಲ ಸರ್ವೋತ್ತಮಣ್ಣ. ಹೂವಿಂದ ಎಂತ ಆಗುದಿಲ್ಲ ಅಂತ ಹೇಳ್ತಿದ್ದೇನೆ. ಒಳಗೆ ಕೆಟ್ಟ ಸೋಂಕಿದ್ರೆ ಚಹಾ ಅದನ್ನು ತೆಗೀಲಿಕ್ಕಿಲ್ಲ."

"ಆಯ್ತು ಮಾರಾಯ್ತಿ, ಶನಿವಾರ ಬರ್ತೇವೆ."

ಶನಿವಾರದ ಹೊತ್ತಿಗೆ ಜ್ವರ ಬಿಟ್ಟಿತ್ತು. ಮಗಳು ದೋಸೆ ತಿಂದಳು. "ಕಂಡಿತಾ ನಮ್ಮ ಹೂವಿನ ಗುಣ?" ಎಂದು ಅವನು ಜಗಲಿಯಿಂದಲೇ ನಝೀಲಾಗೆ ಕೇಳಿಸುವ ಹಾಗೆ ಹೇಳಿದ. ಯಾರೂ ಆರೋಗ್ಯ ಕೇಂದ್ರಕ್ಕೆ ಹೋಗಲಿಲ್ಲ.

ಮೂರು ವಾರ ಕಳೆದ ಮೇಲೆ ತೃಷಾಳ ಮೊಣಕಾಲು ಊದಿತು. ಎರಡು ದಿನದಲ್ಲಿ ಅದು ಇಳಿದು ಪಾದದ ಗಂಟು ಊದಿತು. ಆಮೇಲೊಂದು ದಿನ ಈಜುಕೊಳದ ಮೂರು ಮೆಟ್ಟಿಲು ಹತ್ತಿದವಳು ಅಲ್ಲೇ ಕುಳಿತು, "ಪಪ್ಪ, ಎದೆ ಓಡ್ತಾ ಉಂಟು" ಎಂದಳು.

ದೊಡ್ಡಾಸ್ಪತ್ರೆಯಲ್ಲಿ ಅವಳಿಗೆ ರುಮ್ಯಾಟಿಕ್ ಜ್ವರ ಎಂದರು. ಹೃದಯದ ಕವಾಟ ಕೆಟ್ಟು ರಕ್ತ ಹಿಂದಕ್ಕೆ ಸೋರುತ್ತಿದೆ ಎಂದರು.

ಲಿನ್ ಹಣ್ಣು ಹಿಡಿದುಕೊಂಡು ನೋಡಲು ಬಂದಳು. ಹಾಸಿಗೆಯ ಪಕ್ಕ ನಿಂತು, ತಗ್ಗಿದ ದನಿಯಲ್ಲಿ ಇಂಗ್ಲಿಷಿನಲ್ಲಿ ಕೇಳಿದಳು: "ಮೊದಲು ಡಾಕ್ಟರಿಗೆ ತೋರಿಸು ಅಂದಿದ್ದೆನಲ್ಲ. ಅವತ್ತು ಅವರು ಏನು ಹೇಳಿದ್ದರು?"

ಸುಂದರಿ ಗಂಡನ ಮುಖ ನೋಡಿದಳು. "ಇವಳು ನಿಮ್ಗೆ ಹೇಳಿದ್ದಾ?"

ಅವನು ತಲೆ ತಗ್ಗಿಸಿದ. ಸುಂದರಿ ಕೈಯಲ್ಲಿದ್ದ ಕಿತ್ತಳೆ ಸುಲಿದು ಮಗಳಿಗೆ ಎಸಳು ಎಸಳಾಗಿ ಕೊಡುತ್ತ ಕುಳಿತಳು. ನಾಲ್ಕು ಮಾತು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಹೊರಗಿನ ಬೆಂಚಿನಲ್ಲಿ ನಝೀಲಾ ಅವನ ಪಕ್ಕ ಬಂದು ಕುಳಿತಳು.

"ಆ ಹೂವೇ ಮಾಡಿತಾ ನಝೀಲಾ?"

"ಹೂವಿನದ್ದು ತಪ್ಪಿಲ್ಲಣ್ಣ. ಗಂಟಲಿಗೆ ಹಿತ ಆಗಿರ್ಬಹುದು. ಆದ್ರೆ ಗಂಟಲ ರೋಗಾಣು ಹಾಗೇ ಉಳೀತು. ಕೆಲವು ಮಕ್ಕಳಿಗೆ ಅದು ಹೀಗೆ ಹೃದಯಕ್ಕೆ ಪೆಟ್ಟು ಕೊಡ್ತದೆ. ಆಗಲೇ ಪರೀಕ್ಷೆ ಮಾಡ್ಸಿ ಮಾತ್ರೆ ಪೂರ್ತಿ ತಿಂದಿದ್ರೆ ಹೆಚ್ಚಾಗಿ ತಪ್ತಿತ್ತು."

"ಇನ್ನು?"

"ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ವರ್ಷಗಟ್ಟಲೆ. ಒಂದೂ ತಪ್ಪಿಸ್ಲಿಕ್ಕಿಲ್ಲ. ಓಟ, ಈಜು ಸದ್ಯಕ್ಕೆ ಬೇಡ ಅಂದಿದ್ದಾರೆ."

"ತಪ್ಪಿಸುದಿಲ್ಲ" ಎಂದ ಅವನು. ಇದುವರೆಗೆ ತಪ್ಪಿಸಿಲ್ಲ. ಕಳೆದ ತಿಂಗಳು ಸುಂದರಿಗೆ ಗಂಟಲು ನೋವು ಬಂದಾಗ, ಅವಳು ಬೇಡವೆಂದರೂ ಅದೇ ದಿನ ಕರೆದುಕೊಂಡು ಹೋದ. ಯಾವ ಚಹಾ ಕುಡಿದಿದ್ದಾಳೆಂದು ಡಾಕ್ಟರಿಗೆ ಅವನೇ ಹೇಳಿದ.

ಅಪ್ಪ ಅಮ್ಮಂದಿರೇ, ಕೆಲಸದ ಒತ್ತಡ ನಮಗೆಲ್ಲರಿಗೂ ಇದೆ. ಆದರೂ ಮಗುವಿಗೆ ಕೆಮ್ಮು ನೆಗಡಿಯಿಲ್ಲದೆ ಜ್ವರ ಬಂದು, ಗಂಟಲು ನೋವಿನಿಂದ ನುಂಗಲು ಕಷ್ಟವಾದರೆ ಕಾಯಬೇಡಿ. ಗಂಟಲು ಪರೀಕ್ಷೆ ಮಾಡಿಸಿ. ಆ್ಯಂಟಿಬಯಾಟಿಕ್ ಕೊಟ್ಟರೆ, ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸದೆ ಹೇಳಿದಷ್ಟು ದಿನವೂ ಕೊಡಿ. ಚೀನಾದ ಹೂವಾಗಲಿ, ನಮ್ಮ ಕಷಾಯವಾಗಲಿ, ಮಗುವಿಗೆ ಕೊಡುವ ಮೊದಲು ಡಾಕ್ಟರಿಗೆ ತಿಳಿಸಿ. ಬೇಲಿಯ ಮೇಲಿನ ಹನಿಸಕಲ್ ಬಳ್ಳಿಯಿಂದ ಕಿತ್ತು ಕುದಿಸಬೇಡಿ; ಅದರಲ್ಲಿ ಹಲವು ಜಾತಿ, ಹಲವುಗಳ ಹಣ್ಣು ವಿಷ. ಬಲ್ಲವರು ಒಂದು ಮಾತು ಹೇಳಿದರೆ, ಪೂರ್ತಿ ಕೇಳಿ, ಪೂರ್ತಿಯಾಗಿ ಮನೆಯಲ್ಲೂ ಹೇಳಿ.

ತೃಷಾಳಿಗೆ ಹೋದ ವಾರ ಹತ್ತು ತುಂಬಿತು. ಅಪ್ಪ ಮಗಳು ಕೆಂಪು ಪೀಪಾಯಿಯ ತನಕ ಈಜಲಿಲ್ಲ.