ಕೊಯ್ತಾದ ನಾದಕ್ಕೆ ಹದಿನಾಲ್ಕು ಹೆಸರು

ಕಬ್ಬಿನ ಒಣಗರಿ, ಅಂದರೆ ರವದಿ, ಕೊಯ್ದು ದೀಪಾಳ ಹತ್ತು ಬೆರಳುಗಳಲ್ಲಿ ಹದಿನೆಂಟು ಸೀಳುಗಳಿದ್ದವು. ತುಕ್ಕಾನಟ್ಟಿಯ ಕಬ್ಬು ಕಡಿಯುವ ಗ್ಯಾಂಗಿನವಳು, ಮೇಲೆ ಗಿಟಾರಿನ ಹುಚ್ಚು. ಗಿಟಾರಿನ ತಂತಿ ಒತ್ತಿದರೆ ರಕ್ತ. ಹೀಗಾಗಿ ಬೆರಳು ಬಿಟ್ಟಳು. ಕಬ್ಬು ಕಡಿಯುವ ಕೊಯ್ತಾದ ಬೆನ್ನನ್ನೇ ತಂತಿಯ ಮೇಲೆ ಜಾರಿಸಿದಳು. ಅಬ್ಬಾ! ಆ ನಾದಕ್ಕೆ ಘಟಪ್ರಭೆ ಅರ್ಧ ತಾಸು ಹಿಂದಕ್ಕೆ ಹರಿಯಿತು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ.

ನಾನು ಸಿದ್ರಾಯ, ಅದೇ ಕಬ್ಬು ಎಳೆಯುವ ಟ್ರ್ಯಾಕ್ಟರ್ ಡ್ರೈವರ್. ನನ್ನ ಸ್ಪೀಕರ್ ಹಚ್ಚಿದರೆ ಗೋಕಾಕ ಫಾಲ್ಸು ಎರಡು ನಿಮಿಷ ನಿಂತು ಕೇಳಿ ಆಮೇಲೆ ಬೀಳುತ್ತದೆ. ಇಷ್ಟು ಬುದ್ಧಿವಂತನಾದ ನಾನು ಜನ್ಮದಲ್ಲಿ ಮಾಡಿದ್ದು ಒಂದೇ ತಪ್ಪು: ದೀಪಾಳನ್ನು ಗೋಕಾಕದ ಆಡಿಯೋ ಕಂಪನಿ ಮಾಲೀಕ ರಾವಸಾಹೇಬನ ಬಳಿ ಕರೆದೊಯ್ದದ್ದು.

ನಮ್ಮ ಕಡೆ ಕಲಾವಿದ ಹಾಡಿನ ಮೊದಲಿಗೇ ತನ್ನ ಹೆಸರು, ಊರು, ಫೋನ್ ನಂಬರ್ ಹೇಳುವುದು ರೂಢಿ. ಅದನ್ನು ಕೇಳಿಯೇ ಜನ ಕಾರ್ಯಕ್ರಮಕ್ಕೆ ಕರೆಯುತ್ತಾರೆ. ಅವನಲ್ಲಿ ರೆಕಾರ್ಡು ಮಾಡುವಾಗ ದೀಪಾಳೂ ಹೇಳಿದ್ದಳು. ರಾವಸಾಹೇಬ ಅಷ್ಟನ್ನೇ ಕತ್ತರಿಸಿ, ತನ್ನ ಅಳಿಯ ಸದಾಶಿವನ ಹೆಸರು ಅಂಟಿಸಿ ಬಿಡುಗಡೆ ಮಾಡಿದ. ಮೂಡಲಗಿಯಿಂದ ಹುಕ್ಕೇರಿವರೆಗೆ ಅದೇ ನಾದ!

"ಸಾವ್ಕಾರ್ರ, ನನ್ನ ಹೆಸರ ಎಲ್ಲಿ ಹೋತ್ರಿ?"

"ನಿಮ್ಮ ಕೇರಿ ಹೆಸರ ಹಾಕಿದ್ರ ಯಾರ ಕೇಳ್ತಾರ? ಸದಾಶಿವನ ಮಾರಿ ನೋಡು, ಹೀರೋ ಇದ್ದಂಗ ಐತಿ."

"ಮಾರಿ ಇರ್ಲಿ. ಅವಂಗ ಕೊಯ್ತಾ ಹಿಡಿಯಾಕ ಬರ್ತೈತೇನ್ರಿ?"

"ಏ, ಹೊರಗ ನಡಿ!"

ದೀಪಾ ಅದನ್ನೇ ಮತ್ತೆ ನುಡಿಸಿ ತನ್ನ ಫೋನಿನಿಂದ ನೆಟ್ಟಿಗೆ ಹಾಕಿದಳು. ಮೂರನೆಯ ದಿನ ಅಳಿಸಿಹೋಯಿತು. ಈ ಸಂಗೀತದ ಹಕ್ಕು ರಾವಸಾಹೇಬನ ಕಂಪನಿಯದಂತೆ! ತನ್ನ ಕೈಯ ನಾದಕ್ಕೆ ತಾನೇ ಕಳ್ಳಿಯಾದಳು.

ಗ್ಯಾಂಗಿನ ಹಿರಿಯಳು ರಾಯವ್ವ ಸೆರಗು ಬಿಗಿದಳು. "ಅಳಬ್ಯಾಡ. ಹೊಸಾದ ಬಾರ್ಸು. ಕಂಪನಿ ನಾವ ತಗಿಯೂಣು."

"ಕಂಪನಿ ಅಂದ್ರ ಏನಂತ ಗೊತ್ತೈತೇನಬೇ ಆಯಿ?" ಎಂದೆ.

"ಇಲ್ಲ. ರಾವಸಾಹೇಬಗ ಬರ್ತೈತಿ ಅಂದಮ್ಯಾಲ ಭಾಳ ಕಠಿಣ ಏನ್ ಇರಾಕಿಲ್ಲ ಬಿಡು."

ಹೀಗೆ ಹುಟ್ಟಿತು 'ರವದಿ ಆಡಿಯೋ'. ನನ್ನ ಖಾಲಿ ಟ್ರೇಲರಿಗೆ ನಾಲ್ಕೂ ಕಡೆ ಕೌದಿ ಕಟ್ಟಿದೆವು, ಸ್ಟುಡಿಯೋ ಆಯಿತು. ವಿಲಾಯತಿಯಲ್ಲೂ ಅಂಥದ್ದಿಲ್ಲ.

"ಹೆಸರ ಮೊದಲಿಗೆ ಇಟ್ರ ಕತ್ತರಸ್ತಾನ," ಎಂದಳು ದೀಪಾ. "ನಾದದ ಮ್ಯಾಲ ಹೇಳೂಣು. ಎಲ್ಲಾರೂ."

ಕೊಯ್ತಾ ಜಾರಿದಾಗಲೆಲ್ಲ ಒಬ್ಬೊಬ್ಬ ಹೆಣ್ಣುಮಗಳು ತನ್ನ ಹೆಸರು, ನಂಬರು ಕೂಗಿದಳು. ಹದಿನಾಲ್ಕು ಹೆಸರು. ಹೆಸರು ತೆಗೆದರೆ ನಾದವೂ ಹೋಗಬೇಕು, ಹಾಗೆ. ನಾನು ಪೆನ್‌ಡ್ರೈವಿನಲ್ಲಿ ಎರಡು ಲಕ್ಷ ಟ್ರ್ಯಾಕ್ಟರುಗಳಿಗೆ ಹಂಚಿದೆ. ಸಂಕೋಚದಿಂದ ಇನ್ನೂರು ಎನ್ನುತ್ತೇನೆ.

ವಾರದಲ್ಲಿ ಹೊಲದ ತುಂಬ ಫೋನುಗಳ ರಿಂಗು. ಅರಭಾವಿಯ ಕಾಲೇಜು ಹುಡುಗರು, ಅಂಕಲಗಿಯ ಮದುವೆಯವರು. ರಾಯವ್ವನ ಫೋನಿಗೆ ಬಂದದ್ದು ಮಾತ್ರ ರಾವಸಾಹೇಬನ ಕರೆ! ನಾನು ಅದನ್ನು ನನ್ನ ಸ್ಪೀಕರಿಗೇ ಜೋಡಿಸಿದೆ.

"ದೀಪಾನ ಹೆಸರ ದೊಡ್ಡದಾಗಿ ಹಾಕ್ತೇನಿ, ಫೋಟೋನೂ ಹಾಕ್ತೇನಿ. ಉಳಿದ ಹದಿಮೂರು ತಗದ ಮತ್ತ ಬಾರಸಂತ ಹೇಳ."

ಮೊದಲು ದೀಪಾಳಿಗೆ ಬೇಕಾಗಿದ್ದದ್ದು ಅದೇ ಅಲ್ಲವೇ? ದೀಪಾ ಫೋನು ಇಸಕೊಂಡಳು.

"ಸಾವ್ಕಾರ್ರ, ಬರಕೋರಿ. ದೀಪಾ, ತುಕ್ಕಾನಟ್ಟಿ." ಎಂದವಳೇ ಬಾಜೂದವಳಿಗೆ ಕೊಟ್ಟಳು.

"ರಾಯವ್ವ, ತುಕ್ಕಾನಟ್ಟಿ!"

"ರಾಧಿಕಾ, ತುಕ್ಕಾನಟ್ಟಿ!"

ಫೋನು ಕೈಯಿಂದ ಕೈಗೆ ಹೋಯಿತು. ಆರನೆಯ ಹೆಸರಿಗೆ ರಾವಸಾಹೇಬ ಫೋನಿಟ್ಟ. ಏಳನೆಯವಳು ನೇತ್ರಾ. ಸಿಟ್ಟಿನಿಂದ ತಿರುಗಿ ಅದೇ ನಂಬರು ಒತ್ತಿದಳು.

"ಏನ್ರಿ, ಅಷ್ಟಕ್ಕ ಇಟ್ಟರ ಹ್ಯಾಂಗ? ನಮ್ಮದ ಇನ್ನೂ ಐತಿ, ಕೇಳ್ರಿ!"