ಮೂರು ಸಂಜೆ, ಎರಡು ವಾಫಲ್ ಮೇಕರ್

ಅವಳು ಗೃಹೋಪಯೋಗಿ ಸಾಮಾನಿನ ಅಂಗಡಿಯ ಎರಡನೇ ಮಹಡಿಯಲ್ಲಿ ಮಾರಾಟಗಾರ್ತಿ. ಬಾಯಿ ತೆರೆದರೆ ಅರಳು ಹುರಿದಂತೆ ಮಾತು. ಹಾಗಾಗಿ ಜೊತೆಯವರೆಲ್ಲ ಅವಳನ್ನು ಅರಳು ಎಂದೇ ಕರೆಯುತ್ತಿದ್ದರು. ಮಿಕ್ಸರ್, ಟೋಸ್ಟರ್, ಇಸ್ತ್ರಿಪೆಟ್ಟಿಗೆ, ಯಾವುದರ ಮುಂದೆ ನಿಲ್ಲಿಸಿದರೂ ಹತ್ತು ನಿಮಿಷ ತಡವರಿಸದೆ ಮಾತಾಡಬಲ್ಲಳು. ಅದರಲ್ಲೂ ವಾಫಲ್ ಮೇಕರ್ ಎಂದರೆ ವಿಶೇಷ ಹುರುಪು.

"ಹೊರಗೆ ಗರಿಗರಿ, ಒಳಗೆ ಹತ್ತಿ! ಹಿಟ್ಟು ಸುರೀರಿ, ಮುಚ್ಚಿ, ಹಸಿರು ದೀಪ ಬಂದ್ರೆ ತೆಗೀರಿ. ಚಿಕ್ಕ ಮಗು ಕೂಡ ಮಾಡುತ್ತೆ!"

ಐದು ವರ್ಷದಿಂದ ಹೀಗೆ ಹೇಳಿ ಹೇಳಿ ನೂರಾರು ಮಾರಿದ್ದಳು. ತಾನು ಮಾತ್ರ ಒಂದು ದಿನವೂ ವಾಫಲ್ ಮಾಡಿದವಳಲ್ಲ.

ಒಂದು ಸೋಮವಾರ ನಿವೃತ್ತ ಬಸ್ ಚಾಲಕರೊಬ್ಬರು ಮೆಟ್ಟಿಲು ಹತ್ತಿ ಬಂದರು. ಹಿಂದಿನ ವಾರವಷ್ಟೇ ಅವಳಿಂದ ವಾಫಲ್ ಮೇಕರ್ ಕೊಂಡಿದ್ದವರು. ಕೈಯಲ್ಲಿ ಒಂದು ಡಬ್ಬಿ. ಮುಚ್ಚಳ ತೆಗೆದು ಅವಳ ಮುಂದೆ ಹಿಡಿದರು.

"ಒಂದು ಚೂರು ತಿಂದು ನೋಡಿ."

ಬಿಳಿಚಿಕೊಂಡ, ಬಾಗಿದ ಏನೋ ಒಂದು ಒಳಗಿತ್ತು. ಚೌಕಗಳು ಇದ್ದದ್ದರಿಂದ ಅದು ವಾಫಲ್ ಎಂದು ಗೊತ್ತಾಯಿತು. ಅರಳು ಬಾಯಿಗೆ ಹಾಕಿಕೊಂಡಳು. ನುಂಗಲು ಸ್ವಲ್ಪ ಹೊತ್ತು ಹಿಡಿಯಿತು.

"ನೀವು ಹತ್ತಿ ಅಂದಿದ್ರಿ," ಎಂದರು ಚಾಲಕರು, ಸಿಟ್ಟಿಲ್ಲದೆ. "ಒದ್ದೆ ಹತ್ತಿ ಅಂತ ಹೇಳಿರಲಿಲ್ಲ."

"ಅಯ್ಯೋ, ಏನೋ ಅಳತೆ ತಪ್ಪಿರಬೇಕು ಸಾರ್. ನಮ್ಮನೇಲಿ ಪ್ರತಿ ಭಾನುವಾರ ಮಾಡ್ತೀವಲ್ಲ!" ನಾಲಿಗೆ ಜಾರಿಯೇ ಹೋಯಿತು.

ಅವರ ಮುಖ ಅರಳಿತು. "ಹಾಗಾದ್ರೆ ದಾರಿ ಸಿಕ್ಕಿತು. ನನಗೆ ಕಲಿಸಿಬಿಡಿ. ಶುಕ್ರವಾರ ಬರ್ಲಾ? ಭಾನುವಾರ ಬೆಳಿಗ್ಗೆ ಒಬ್ರು ತಿಂಡಿಗೆ ಬರ್ತಿದಾರೆ."

ಬರುವವರು ಯಾರೆಂದು ಅರಳು ಕೇಳಲಿಲ್ಲ. ಆದರೂ ಅವರೇ ಹೇಳಿದರು. ಹೆಂಡತಿ ತೀರಿಕೊಂಡು ಎಂಟು ವರ್ಷವಾಗಿತ್ತು. ಈಗ ಪಕ್ಕದ ಬೀದಿಯ ಗ್ರಂಥಪಾಲಕಿಯ ಪರಿಚಯ. "ಎರಡು ವರ್ಷದಿಂದ ವಾರಕ್ಕೊಂದು ಪುಸ್ತಕ ತರ್ತಿದೀನಿ. ಓದಿದ್ದು ಅರ್ಧಕ್ಕರ್ಧ. ಹೋದ ತಿಂಗಳು ಅವರು ಮಾತಿಗೆ ಹೇಳಿದ್ರು, ವಾಫಲ್ ಅಂದ್ರೆ ಇಷ್ಟ ಅಂತ. ನಾನು ಧೈರ್ಯ ಮಾಡಿ ಕರೆದೇಬಿಟ್ಟೆ."

ಅವರು ಇಳಿದು ಹೋದ ಮೇಲೆ ಅರಳು ಹತ್ತು ನಿಮಿಷ ಯಾರ ಜೊತೆಯೂ ಮಾತಾಡಲಿಲ್ಲ. ಅಂಗಡಿಯಲ್ಲಿ ಅದು ಸುದ್ದಿಯಾಯಿತು.

ಮರುದಿನ ವ್ಯವಸ್ಥಾಪಕರ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡು ಪ್ರದರ್ಶನಕ್ಕಿಟ್ಟಿದ್ದ ಎರಡು ವಾಫಲ್ ಮೇಕರ್‌ಗಳನ್ನು ಮನೆಗೆ ಹೊತ್ತು ತಂದಳು. ಒಂದು ಚಾಲಕರಿಗೆ ಮಾರಿದಂಥದ್ದೇ: ತೆಳ್ಳಗೆ, ಹೊಳೆಹೊಳೆವ ಮೈ, ಮೂರು ಬಣ್ಣದ ದೀಪ. ಇನ್ನೊಂದು ಕೆಳಗಿನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಕರಿಯ ಮೊದ್ದು. ಅದಕ್ಕೆ ಒಂದೇ ಗುಂಡಿ, ಎತ್ತಿದರೆ ಕೈ ನೋವು.

ಮನೆಯಲ್ಲಿದ್ದದ್ದು ಅತ್ತೆ. ಮೂವತ್ತು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದ ಕೈ. ಈಗ ಕೈಗೆ ಬಿಡುವು, ಬಾಯಿಗೆ ಇಲ್ಲ.

ಮೊದಲ ಸಂಜೆ ಅರಳು ಹೊಳೆಯುವುದನ್ನೇ ಹಚ್ಚಿದಳು. ಹಸಿರು ದೀಪ ಬಂತು. ಹಿಟ್ಟು ಸುರಿದಳು, ಮುಚ್ಚಿದಳು, ಮತ್ತೆ ಹಸಿರು ಬಂದಾಗ ತೆಗೆದಳು. ವಾಫಲ್‌ನ ಅರ್ಧ ಮೇಲಿನ ತಟ್ಟೆಗೆ ಅಂಟಿ, ಅರ್ಧ ಕೆಳಗೆ ಉಳಿದು, ಎರಡೂ ಒಬ್ಬರ ಮುಖ ಒಬ್ಬರು ನೋಡದ ಗಂಡಹೆಂಡಿರಂತೆ ಬೇರೆಯಾಗಿದ್ದವು.

"ಕಾದಿದೆ ಅಂತ ಯಾರು ಹೇಳಿದ್ದು?" ಎಂದರು ಅತ್ತೆ.

"ದೀಪ."

"ದೀಪಕ್ಕೇನು ಗೊತ್ತು, ಪಾಪ." ಅತ್ತೆ ಬೆರಳು ಅದ್ದಿ ಎರಡು ಹನಿ ನೀರು ಚಿಮುಕಿಸಿದರು. ಹನಿಗಳು ತಟ್ಟೆಯ ಮೇಲೆ ನಿದ್ದೆ ಬಂದವರಂತೆ ಕೂತವು. "ಕಾದಿದ್ರೆ ಕುಣೀಬೇಕಿತ್ತು. ಇನ್ನೂ ಹತ್ತು ನಿಮಿಷ ಬಿಡು."

ಎರಡನೇ ಸಂಜೆ ಹನಿ ಕುಣಿಯುವವರೆಗೂ ಕಾದಳು. ವಾಫಲ್ ಅಂಟದೆ ಇಡಿಯಾಗಿ ಬಂತು. ಅರಳು ಸಂಭ್ರಮದಿಂದ ನಾಲ್ಕು ಮಾಡಿ ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದಳು. ಐದು ನಿಮಿಷದಲ್ಲಿ ನಾಲ್ಕೂ ಬೆವತು ಮೆತ್ತಗಾದವು. ಕಚ್ಚಿದರೆ ರಬ್ಬರು.

"ಹಿಟ್ಟನ್ನ ಎಷ್ಟು ಹೊತ್ತು ಕಲಸಿದೆ?"

"ಒಂದೂ ಗಂಟಿಲ್ಲದ ಹಾಗೆ ಚೆನ್ನಾಗಿ ಬಡಿದೆ ಅತ್ತೆ."

"ಅದರ ಜೊತೆ ನಿನಗೇನು ದ್ವೇಷ? ನಾಲ್ಕು ಗಂಟು ಇದ್ರೆ ಇರ್ಲಿ ಬಿಡು. ಇನ್ನೊಂದು ಮಾತು, ಮುಚ್ಚಳ ಎತ್ತಿದಾಗ ಹಬೆ ಏಳ್ತಿತ್ತಾ?"

"ಧಾರಾಳವಾಗಿ."

"ಮತ್ತೆ! ಒದ್ದೆ ಷರ್ಟಿನ ಮೇಲೆ ಇಸ್ತ್ರಿ ಇಟ್ರೆ ಹಬೆ ಏಳುತ್ತೆ. ಹಬೆ ಬರ್ತಿದೆ ಅಂದ್ರೆ ಬಟ್ಟೆ ಇನ್ನೂ ಹಸಿ. ಇದಕ್ಕೂ ಅದೇ ನ್ಯಾಯ. ಹಬೆ ನಿಲ್ಲೋವರೆಗೂ ಮುಚ್ಚಳ ಮುಟ್ಟಬೇಡ. ತೆಗೆದ ಮೇಲೆ ಪೇರಿಸಬೇಡ, ಗಾಳಿಗೆ ಬಿಡು."

ಮೂರನೇ ಸಂಜೆ ಕರಿಯ ಮೊದ್ದಿನ ಸರದಿ. ಅದು ಕಾಯಲು ಹೊಳೆಯುವುದರ ಎರಡರಷ್ಟು ಹೊತ್ತು ತೆಗೆದುಕೊಂಡಿತು. ಅಷ್ಟರಲ್ಲಿ ಅರಳು ಮೊಟ್ಟೆಯ ಬಿಳಿಯನ್ನು ಬೇರೆ ಮಾಡಿ ನೊರೆಯಾಗುವಂತೆ ಕಡೆದಳು. ಹಿಟ್ಟಿಗೆ ಹಾಲು, ಮೊಟ್ಟೆಯ ಹಳದಿ, ಕರಗಿಸಿದ ಬೆಣ್ಣೆ ಹಾಕಿ ಮೇಲೆ ಮೇಲೆ ಕಲಸಿ, ಕೊನೆಗೆ ನೊರೆಯನ್ನು ಮೆಲ್ಲಗೆ ಸೇರಿಸಿದಳು. ತಣ್ಣನೆಯ ಹಿಟ್ಟು ಬಿದ್ದರೆ ತೆಳ್ಳನೆಯ ಯಂತ್ರ ಥಟ್ಟನೆ ಬಿಸಿ ಕಳೆದುಕೊಳ್ಳುತ್ತಿತ್ತು. ದಪ್ಪ ಕಬ್ಬಿಣದ ಮೊದ್ದು ಜಗ್ಗಲಿಲ್ಲ. ಹಬೆ ಭುಸುಗುಟ್ಟಿತು, ತೆಳುವಾಯಿತು, ನಿಂತಿತು. ಮುಚ್ಚಳ ತಾನಾಗಿ ಬಿಟ್ಟುಕೊಂಡಿತು. ಜಾಲರಿಯ ಮೇಲಿಟ್ಟ ಕಂದು ಬಣ್ಣದ ವಾಫಲ್ ಮುರಿದಾಗ ಸದ್ದು ಬಂತು.

ಪಾಳಿ ಮುಗಿಸಿ ಬಂದ ಗಂಡ ಚೀಲ ಇಳಿಸದೆ ಮೂರು ತಿಂದು, "ಇನ್ನೊಂದಿದೆಯಾ?" ಎಂದ.

ಅರಳು ಮಾತ್ರ ಕುರ್ಚಿಯ ಮೇಲೆ ಸಪ್ಪಗೆ ಕುಳಿತಿದ್ದಳು. "ಅತ್ತೆ, ಐದು ವರ್ಷದಿಂದ ಜನಕ್ಕೆ ಸುಳ್ಳು ಹೇಳಿದೀನಿ."

"ಗೊತ್ತಿಲ್ಲದೆ ಹೇಳಿದ್ದು ಸುಳ್ಳಲ್ಲ, ದಡ್ಡತನ," ಎಂದರು ಅತ್ತೆ. "ನಾಳೆಯಿಂದ ಹೇಳಿದ್ರೆ ಸುಳ್ಳು."

ಶುಕ್ರವಾರ ಚಾಲಕರು ಬಂದಾಗ ಅವಳು ಮೊದಲು ಅದನ್ನೇ ಒಪ್ಪಿಕೊಂಡಳು. "ಸಾರ್, ಪ್ರತಿ ಭಾನುವಾರ ಮಾಡ್ತೀವಿ ಅಂದಿದ್ದು ಬುರುಡೆ. ಜೀವಮಾನದಲ್ಲಿ ಮೊದಲ ವಾಫಲ್ ಮಾಡಿದ್ದು ಮೊನ್ನೆ ಮಂಗಳವಾರ. ನಿಮಗೆ ಕೊಟ್ಟಿದ್ದು ನೋಡೋಕೆ ಚಂದ, ಅಷ್ಟೇ. ಬದಲಾಯಿಸಿ ಕೊಡ್ತೀನಿ."

ಚಾಲಕರು ಅವಳನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು. "ನಾನು ಮೊದಲ ದಿನ ಬಸ್ಸು ಹತ್ತಿದಾಗ, ಎಷ್ಟು ವರ್ಷ ಅನುಭವ ಅಂತ ಒಬ್ಬ ಅಜ್ಜಿ ಕೇಳಿದ್ರು. ಹತ್ತು ವರ್ಷ ಅಂದೆ. ಬನ್ನಿ, ಕಲಿಸಿ."

ಅಂಗಡಿಯ ಮೇಜಿನ ಮುಂದೆಯೇ ಇಬ್ಬರೂ ಅಂಗಿಯ ತೋಳು ಮೇಲೇರಿಸಿ ನಿಂತರು. ಅರಳು ಹೇಳಿದ್ದನ್ನೆಲ್ಲ ಚಾಲಕರು ಚೀಟಿಯಲ್ಲಿ ಬರೆದುಕೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು, "ಭಾನುವಾರ ನೀವೂ ಬಂದ್ರೆ ಒಳ್ಳೇದು. ನಿಮ್ಮ ಅತ್ತೇನೂ ಕರ್ಕೊಂಡು ಬನ್ನಿ. ಒಬ್ಬನೇ ಆದ್ರೆ ಏನಾದ್ರೂ ಎಡವಟ್ಟು ಮಾಡ್ಕೋತೀನಿ," ಎಂದರು.

ಭಾನುವಾರ ಅರಳು, ಅತ್ತೆ ಚಾಲಕರ ಮನೆ ತಲುಪಿದ ಮೇಲೆ ಗ್ರಂಥಪಾಲಕಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಕನ್ನಡಕ, ಗಿಡ್ಡ ಕೂದಲು, ಮಾತು ಕಡಿಮೆ. ಚಾಲಕರು ಮೇಜಿನ ಮೇಲೆ ಜೇನು, ಹಣ್ಣು, ಬೆಣ್ಣೆ ಎಲ್ಲ ಸಾಲಾಗಿ ಇಟ್ಟಿದ್ದರು. ಮೊದಲ ವಾಫಲ್ ಚಿನ್ನದಂತೆ ಬಂತು. ಅದನ್ನು ಅತಿಥಿಯ ಮುಂದಿಟ್ಟು ಅವರು ಮತ್ತೆ ಅಡುಗೆಮನೆಗೆ ಓಡಿದರು. ಎರಡನೆಯದು ಅತ್ತೆಗೆ, ಮೂರನೆಯದು ಅರಳುಗೆ. ಮತ್ತೆ ಓಟ.

ಆಗ ಹೊಳೆಯಿತು ತೊಂದರೆ. ಬದಲಾಯಿಸಿ ತಂದ ಈ ಕರಿಯ ಮೊದ್ದಿನಲ್ಲಿ ಒಂದು ಸಲಕ್ಕೆ ಒಂದೇ ವಾಫಲ್. ಮಾಡುವವನು ಕೂರುವಂತಿಲ್ಲ. ಚಾಲಕರು ಯಾರಿಗಾಗಿ ಇಷ್ಟೆಲ್ಲ ಮಾಡಿದರೋ ಅವರಿಗೆ ಬೆನ್ನು ಮಾತ್ರ ಕಾಣುತ್ತಿತ್ತು. ಊಟದ ಮೇಜಿನಲ್ಲಿ ಗ್ರಂಥಪಾಲಕಿ ಗುರುತಿಲ್ಲದ ಇಬ್ಬರ ಜೊತೆ ಹವಾಮಾನದ ಮಾತಾಡುತ್ತಿದ್ದರು. ಅರಳು, "ನಾನು ಮಾಡ್ತೀನಿ ಸಾರ್, ನೀವು ಕೂತ್ಕೊಳ್ಳಿ," ಎಂದು ಏಳಹೊರಟಳು. ಅತ್ತೆ ಮೇಜಿನ ಕೆಳಗೆ ಅವಳ ಕಾಲು ತುಳಿದರು.

ಗ್ರಂಥಪಾಲಕಿ ಒಂದು ಗಳಿಗೆ ಬಾಗಿಲ ಕಡೆ ನೋಡಿದರು. ಆಮೇಲೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆದರು.

"ಅಯ್ಯೋ, ನೀವು ಕೂತ್ಕೊಳ್ಳಿ," ಎಂದು ಚಾಲಕರು ಗಡಿಬಿಡಿಗೊಂಡರು.

"ವಾರವೆಲ್ಲ ಕೂತೇ ಇರ್ತೀನಿ," ಎಂದರು ಅವರು. ತಮ್ಮ ವಾಫಲ್ ಮುರಿದು ಅರ್ಧ ಚಾಲಕರ ಕೈಗಿಟ್ಟರು. "ಬಿಸಿ ಇರುವಾಗಲೇ ತಿನ್ನಿ. ಅಂದ ಹಾಗೆ, ಹೋದ ವಾರ ತಗೊಂಡು ಹೋದ ಪುಸ್ತಕ ಹೇಗಿತ್ತು?"

ಯಂತ್ರದ ಮುಚ್ಚಳ ಟಪ್ಪೆಂದು ಮುಚ್ಚಿತು.

"ತೆರೆದಿಲ್ಲ," ಎಂದರು ಚಾಲಕರು.

ಒಳಗಿನಿಂದ ಹೆಂಗಸಿನ ನಗು ಕೇಳಿಬಂತು. ಜೋರು ನಗು, ಗ್ರಂಥಾಲಯದಲ್ಲಿ ಎಂದೂ ನಕ್ಕಿರಲಾರರು, ಅಂಥದ್ದು.

ಅತ್ತೆ ಬಾಯಿ ಒರೆಸಿಕೊಂಡು ಎದ್ದರು. "ನಡಿ, ಮನೇಲಿ ಕೆಲಸ ಇದೆ."

"ಏನು ಕೆಲಸ ಅತ್ತೆ?"

"ಇಲ್ಲಿ ನಮಗೆ ಇಲ್ಲದಿರೋದು," ಎಂದು ಅತ್ತೆ ಸೊಸೆಯ ತೋಳು ಹಿಡಿದು ಹೊರಗೆ ಎಳೆದರು. ಚಪ್ಪಲಿ ಮೆಟ್ಟಿಕೊಳ್ಳಲೂ ಸರಿಯಾಗಿ ಬಿಡಲಿಲ್ಲ.