ತಿಳಿ ಜೊಲ್ಲು

“ಉಗುಳೋಕೂ ಆಸ್ಪತ್ರೆಗೆ ಬರಬೇಕಾ? ಕಾಲ ಕೆಟ್ಟೋಯ್ತು ಕಣೇ,” ಎಂದರು ನನ್ನ ಅತ್ತೆ.

ಮಗಳು ಚೂಟಿಗೆ ಆರು ವರ್ಷ. ಸಕ್ಕರೆ ಕಾಯಿಲೆ ಬಂದ ಮೇಲೆ ಬೆರಳಿಗೆ ಚುಚ್ಚುವುದು, ಇನ್ಸುಲಿನ್ ಕೊಡುವುದು ಅಭ್ಯಾಸವಾಗಿದೆ. ತೋಳಿನ ನರದಿಂದ ರಕ್ತ ತೆಗೆಯುತ್ತಾರೆಂದರೆ ಮಾತ್ರ ಕಟ್ಟಡ ನಡುಗುವಂತೆ ಕಿರುಚುತ್ತಾಳೆ. ಈಗ ನೋಡಬೇಕಾಗಿದ್ದುದು ಕಾರ್ಟಿಸಾಲ್ ಎಂಬ ಹಾರ್ಮೋನು; ಹೆದರಿದರೂ ಅದು ಏರುತ್ತದಂತೆ. “ಸೂಜಿ ಕಂಡು ಏರಿದ್ದೋ, ಮೊದಲೇ ಏರಿತ್ತೋ, ಹೇಗೆ ಹೇಳೋದು? ಜೊಲ್ಲಿನಲ್ಲೇ ನೋಡೋಣ,” ಎಂದಿದ್ದರು ಡಾಕ್ಟರು. ಕುಣಿಯುವಷ್ಟು ಖುಷಿಯಾಗಿತ್ತು ನನಗೆ. ಆ ಖುಷಿಯಲ್ಲಿ ಅವಳ ಅಲ್ಲಾಡುವ ಹಲ್ಲನ್ನು ಮರೆತೇಬಿಟ್ಟಿದ್ದೆ.

ಲ್ಯಾಬಿನ ಹುಡುಗಿ ಕೊಟ್ಟ ಪುಟ್ಟ ನಳಿಕೆಗೆ ಚೂಟಿ ತಲೆ ಬಗ್ಗಿಸಿ ಜೊಲ್ಲು ಸುರಿಸಿದಳು. ಮೊದಲ ಹನಿಯೇ ನಸುಗೆಂಪು! ದಾರಿಯುದ್ದಕ್ಕೂ ನಾಲಿಗೆಯಿಂದ ಹಲ್ಲು ತಳ್ಳುತ್ತಲೇ ಬಂದಿದ್ದಳು.

“ರಕ್ತ ಸೇರಿದ್ರೆ ಲೆಕ್ಕ ತಪ್ಪುತ್ತೆ ಅಕ್ಕ. ಬಾಯಿ ಮುಕ್ಕಳಿಸಲಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದ್ಸಲ ನೋಡೋಣ. ಅದೂ ಕೆಂಪಾದ್ರೆ ತೋಳಿಂದಲೇ ತೆಗೀಬೇಕು.”

ಸದಾ ಪಟಪಟ ಎನ್ನುವ ಚೂಟಿ ತುಟಿ ಬಿಗಿದು ಕುಳಿತಳು. ನಾನು ಅವಳ ಕೆನ್ನೆಯನ್ನೇ ಕಾಯುತ್ತಿದ್ದೆ. ಒಳಗೆ ನಾಲಿಗೆ ಹಲ್ಲಿನತ್ತ ಸರಿದರೆ ಕೆನ್ನೆ ಉಬ್ಬುತ್ತದೆ. ಉಬ್ಬಲಿಲ್ಲ. ಆದರೆ ಎರಡನೆಯ ನಳಿಕೆ ಕೈಗೆ ಬಂದಾಗ ಭಯಕ್ಕೆ ಅವಳ ಬಾಯಿ ಒಣಗಿಹೋಗಿತ್ತು.

“ಬರ್ತಿಲ್ಲಮ್ಮ…”

“ನೀನು ಹೀಗೆ ಗುಡ್ಡೆಗಣ್ಣು ಬಿಟ್ಕೊಂಡು ನಿಂತ್ರೆ ಯಾರಿಗೆ ಬರುತ್ತೆ? ಸರಿ ಆಚೆ,” ಎಂದು ಅತ್ತೆ ನನ್ನನ್ನು ತಳ್ಳಿ ಅವಳೆದುರು ಕೂತರು. “ನೋಡು ಕಂದ, ಒಂದು ನಿಂಬೆಹಣ್ಣು ತಗೊಂಡೆ. ಕಚಕ್ ಅಂತ ಕೊಯ್ದೆ. ರಸ ಕೈಯೆಲ್ಲಾ ಹರೀತಿದೆ. ಉಪ್ಪು ಹಚ್ಚಿದೆ. ಈಗ ನಾಲಿಗೆ ತುದಿಗೆ…” ಮುಖ ಹಿಂಡಿ, ಕಣ್ಣು ಮುಚ್ಚಿ ಚಪ್ಪರಿಸಿದರು.

ಲ್ಯಾಬಿನ ಹುಡುಗಿಯೇ ಗುಟುಕ್ಕನೆ ನುಂಗಿದಳು. ನಾನೂ. ಚೂಟಿಯ ತುಟಿಯಿಂದ ಒಂದು ಎಳೆ ನಳಿಕೆಗಿಳಿಯಿತು. ಇನ್ನೊಂದು. ಅವಳ ಭುಜ ನಗುವಿಗೆ ಕುಲುಕತೊಡಗಿತು.

“ನಗಿಸಬೇಡಿ ಅತ್ತೆ, ಹಲ್ಲು!”

“ನಾನೆಲ್ಲಿ ನಗಿಸ್ದೆ? ಹುಳಿ ತಿನ್ನಿಸ್ತಿದೀನಿ.”

ಜೊಲ್ಲು ಅಳತೆಯ ಗೆರೆ ಮುಟ್ಟಿತು. ಲ್ಯಾಬಿನ ಹುಡುಗಿ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿದಳು.

“ಒಂದು ಚೂರೂ ಕೆಂಪಿಲ್ಲ ಅಕ್ಕ! ಸೂಜಿ ಬೇಡ!”

ಅತ್ತೆ ಚಪ್ಪಾಳೆ ತಟ್ಟಿದರು. ನಾನು ಆಸ್ಪತ್ರೆಯೆಂಬುದನ್ನೂ ಮರೆತು ಹೋ ಎಂದು ಕೂಗಿಬಿಟ್ಟೆ. ಚೂಟಿ ಮಾತ್ರ ಬಗ್ಗಿಸಿದ ತಲೆ ಎತ್ತಲಿಲ್ಲ.

“ಬೇಗ ಇನ್ನೊಂದು ಕೊಡಿ ಆಂಟಿ, ಸುರೀತಾನೇ ಇದೆ!”